ಅಬ್ಬೆ ದ್ಯೂಬ್ವಾ: ನಿರಾಕೃತ ಬೋಧನೆ ಮತ್ತು ದೇವಸಂಕಲ್ಪದ ಪ್ರಶ್ನೆ

ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಬೃಹತ್ ಗ್ರಂಥದ ಕರ್ತೃವಾಗಿ ಅಬ್ಬೆ ದ್ಯೂಬ್ವಾ ಅವರ ಹೆಸರು ಕನ್ನಡ ನಾಡಿನ ಸಮಾಜ ಮತ್ತು ಸಂಸ್ಕೃತಿಯ ಅಧ್ಯಯನಕಾರರಿಗೆ ಪರಿಚಿತವಾದದ್ದು. ಕನ್ನಡದಲ್ಲಿ ದುಬಾಯ್ ಎಂದೂ ದುಬೊಯ್ ಎಂದೂ ಬರೆಯಲಾಗುವ ಈ ಹೆಸರಿನ ಮೊದಲ ಪದವನ್ನು ತಾಯಿ ಎಂಬರ್ಥದ ಹಳಗನ್ನಡದ ‘ಅಬ್ಬೆ’ಯೊಡನೆ ಬೆರೆಸಬೇಕಾಗಿಲ್ಲ. ಅದು ಫ್ರೆಂಚ್ ಭಾಷೆಯಲ್ಲಿ ಕಥೋಲಿಕ ಗುರುಗಳಿಗೆ ಸಲ್ಲುವ ಗೌರವವಾಚಕ. ಗ್ರಂಥಕರ್ತರಾಗಿ ಅವರಿಗೆ ದೊರೆತ ಕೀರ್ತಿಯ ಹಿಂದೆ ಅಷ್ಟಾಗಿ ಚರ್ಚೆಗೆ ಬಾರದ ಇನ್ನೊಂದು ಜೀವನವಿದೆ. ಅವರು ಈ ನಾಡಿಗೆ ಬಂದದ್ದು ಗ್ರಂಥ ಬರೆಯುವುದಕ್ಕಲ್ಲ, ಕ್ರಿಸ್ತನ ಸಂದೇಶವನ್ನು ಸಾರುವುದಕ್ಕೆ. ಮೂರು ದಶಕಗಳ ದುಡಿಮೆಯ ಬಳಿಕ, ಆ ಸಂದೇಶವನ್ನು ಇಲ್ಲಿ ಯಾರೂ ಕೇಳಲಿಲ್ಲವೆಂದು ಸ್ವತಃ ಅವರೇ ಲೋಕದ ಮುಂದೆ ಒಪ್ಪಿಕೊಂಡರು. ದೇವರ ಕಾರ್ಯಕ್ಕೆಂದು ಹೊರಟವನ ಮಾತನ್ನು ಜನ ಕೇಳದೆ ಹೋದಾಗ ಆತ ದೇವರ ಸಂಕಲ್ಪವನ್ನು ಹೇಗೆ ಅರ್ಥೈಸಿಕೊಳ್ಳಬೇಕು ಎಂಬ ಹಳೆಯ ಪ್ರಶ್ನೆಗೆ ಕನ್ನಡ ನೆಲದಲ್ಲಿ ದೊರೆಯುವ ಮಹತ್ವದ ನಿದರ್ಶನ ಇವರ ಬದುಕು.

ಹುಟ್ಟು ಮತ್ತು ನಿರ್ಗಮನ

ಝಾನ್ ಆಂತ್ವಾನ್ ದ್ಯೂಬ್ವಾ ಅವರು ಹುಟ್ಟಿದ್ದು 1766ರ ಜನವರಿಯಲ್ಲಿ, ದಕ್ಷಿಣ ಫ್ರಾನ್ಸಿನ ಆರ್ದೆಶ್ ಪ್ರಾಂತದ ಸೇಂತ್ ರೆಮೆಝ್ ಎಂಬ ಹಳ್ಳಿಯಲ್ಲಿ. ವಿವಿಯೇ ಧರ್ಮಪ್ರಾಂತದಲ್ಲಿ ಗುರುದೀಕ್ಷೆ ಪಡೆದದ್ದು 1792ರಲ್ಲಿ. ಫ್ರಾನ್ಸಿನ ಮಹಾಕ್ರಾಂತಿಯು ಧರ್ಮಸಭೆಯ ಮೇಲೆ ತಿರುಗಿ ಬಿದ್ದಿದ್ದ ಕಾಲವದು. 1790ರ ಶಾಸನವು ಗುರುಗಳನ್ನು ಸರ್ಕಾರದ ಅಧೀನಕ್ಕೆ ತಂದಿತ್ತು. ಅದಕ್ಕೆ ನಿಷ್ಠೆಯ ಪ್ರಮಾಣ ಸ್ವೀಕರಿಸಲು ಒಪ್ಪದವರು ಸೆರೆಗೋ ಗಡೀಪಾರಿಗೋ ಗುರಿಯಾಗುತ್ತಿದ್ದರು. 1792ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ಸೆರೆಮನೆಗಳಲ್ಲಿ ನೂರಾರು ಗುರುಗಳ ಕೊಲೆಯಾಯಿತು. ಶತಮಾನಗಳಿಂದ ಕ್ರೈಸ್ತವೆನಿಸಿದ್ದ ಒಂದು ದೇಶ ತನ್ನ ಗುರುಗಳ ಮಾತನ್ನು ಕೇಳಲು ನಿರಾಕರಿಸಿದ್ದನ್ನು ದ್ಯೂಬ್ವಾ ಯೌವನದಲ್ಲಿಯೇ ಕಂಡರು. ಅದೇ ವರ್ಷ ಅವರು ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಪರವಾಗಿ ಭಾರತಕ್ಕೆ ಹೊರಟರು.

ಆ ಸಂಸ್ಥೆ ಭಾರತದಲ್ಲಿ ಹೊತ್ತುಕೊಂಡಿದ್ದ ಹೊಣೆ ಹಗುರವಾಗಿರಲಿಲ್ಲ. 1773ರಲ್ಲಿ ಜಗದ್ಗುರು ಪೋಪರ ಆಜ್ಞೆಯಿಂದ ಯೇಸುಸಭೆ ವಿಸರ್ಜನೆಗೊಂಡಾಗ ದಕ್ಷಿಣ ಭಾರತದಲ್ಲಿ ಆ ಸಭೆಯವರು ನಡೆಸುತ್ತಿದ್ದ ಮಿಷನ್ನುಗಳು ಅನಾಥವಾದವು. ಮೂರು ವರ್ಷಗಳ ನಂತರ ಪುದುಚೇರಿಯನ್ನು ಕೇಂದ್ರವಾಗಿಟ್ಟುಕೊಂಡು ಅವುಗಳ ಮೇಲ್ವಿಚಾರಣೆಯನ್ನು ಪ್ಯಾರಿಸ್ಸಿನವರು ವಹಿಸಿಕೊಂಡರು. ಕ್ರಾಂತಿಯ ಕಾರಣದಿಂದ ತಾಯ್ನಾಡಿನ ಹಣವೂ ಹೊಸ ಗುರುಗಳೂ ಬರುವುದು ವಿರಳವಾಗಿದ್ದಾಗ ಬಂದಿಳಿದ ದ್ಯೂಬ್ವಾ, ಮೊದಲ ಏಳು ವರ್ಷಗಳನ್ನು ಮುಖ್ಯವಾಗಿ ತಮಿಳು ಸೀಮೆಯಲ್ಲಿ ಕಳೆದರು. ಅಲ್ಲಿ ನೆಲದ ಭಾಷೆಯನ್ನು ಕಲಿತರು, ಜನರ ಉಡುಪನ್ನು ತೊಟ್ಟರು, ಅವರ ಊಟೋಪಚಾರದ ಕ್ರಮಗಳನ್ನು ಅನುಸರಿಸಿದರು. ಜನರಿಗೆ ಅಸಹ್ಯವೆನಿಸುವ ಯಾವ ನಡತೆಯೂ ತಮ್ಮಲ್ಲಿ ಕಾಣಬಾರದೆಂಬ ಎಚ್ಚರವನ್ನು ಅವರು ಕೊನೆಯವರೆಗೂ ಬಿಡಲಿಲ್ಲ.

ಮೈಸೂರು ಸೀಮೆಯ ಹಿನ್ನೆಲೆ

ದ್ಯೂಬ್ವಾ ಅವರ ಮುಖ್ಯ ಕಾರ್ಯಕ್ಷೇತ್ರವಾದ ಮೈಸೂರು ಸೀಮೆಗೆ ಆ ಹೊತ್ತಿಗಾಗಲೇ ಒಂದೂವರೆ ಶತಮಾನದ ಕಥೋಲಿಕ ಪರಂಪರೆಯಿತ್ತು. 1649ರಲ್ಲಿ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣದಲ್ಲಿ ಮಿಷನ್ ಸ್ಥಾಪಿಸಿದ್ದರು. ಕನ್ನಡವನ್ನು ಕಲಿತು ಕನ್ನಡದಲ್ಲಿಯೇ ಧರ್ಮಬೋಧೆಯ ಕೃತಿಗಳನ್ನು ರಚಿಸಿದ ಮೊದಲಿಗರಲ್ಲಿ ಅವರೂ ಒಬ್ಬರು. ಮದುರೆಯಲ್ಲಿ 1606ರಿಂದ ರಾಬರ್ಟೊ ದೆ ನೋಬಿಲಿ ಹಾಕಿಕೊಟ್ಟ ಮಾರ್ಗ ಮೈಸೂರಿನಲ್ಲಿಯೂ ಅನುಸರಣೆಯಲ್ಲಿತ್ತು. ಬೋಧಕನು ಸಂನ್ಯಾಸಿಯ ವೇಷದಲ್ಲಿ, ಶಾಕಾಹಾರಿಯಾಗಿ, ಈ ನೆಲದ ಶಿಷ್ಟಾಚಾರಗಳಿಗೆ ಹೊಂದಿಕೊಂಡು ಬಾಳುವುದು ಆ ಮಾರ್ಗದ ಲಕ್ಷಣ.

ಈ ಮಾರ್ಗಕ್ಕೆ ಪೆಟ್ಟು ಬಿದ್ದದ್ದು ಒಳಗಿನಿಂದ. ಹೊಸ ಕ್ರೈಸ್ತರು ತಮ್ಮ ಜಾತಿಯ ರೂಢಿಗಳನ್ನು ಎಷ್ಟರ ಮಟ್ಟಿಗೆ ಉಳಿಸಿಕೊಳ್ಳಬಹುದು ಎಂಬ ವಿವಾದ ದಶಕಗಟ್ಟಲೆ ನಡೆದು, 1744ರಲ್ಲಿ ಪೋಪ್ 14ನೆಯ ಬೆನೆಡಿಕ್ಟರ ಶಾಸನದಿಂದ ಆ ರೂಢಿಗಳ ಬಹುಭಾಗ ನಿಷಿದ್ಧವಾಯಿತು. ಇದೇ ಶತಮಾನದಲ್ಲಿ ಇಂಗ್ಲಿಷರೂ ಫ್ರೆಂಚರೂ ದಕ್ಷಿಣದಲ್ಲಿ ಯುದ್ಧಗಳನ್ನು ಹೂಡಿದರು. ಸಂನ್ಯಾಸಿಗಳೆಂದು ಗೌರವಿಸಿದ್ದ ಗುರುಗಳು ಆ ಪರಂಗಿಗಳ ಬಳಗದವರೇ ಎಂಬುದು ಜನಕ್ಕೆ ತಿಳಿಯಿತು. ಕ್ರೈಸ್ತಧರ್ಮದ ಬಗೆಗಿನ ಗೌರವ ಕುಸಿಯುವುದಕ್ಕೆ ಯೂರೋಪಿಯನ್ನರ ದುರ್ನಡತೆಯೇ ಪ್ರಬಲ ಕಾರಣವೆಂದು ದ್ಯೂಬ್ವಾ ಮುಂದೆ ಯಾವ ಮುಲಾಜೂ ಇಲ್ಲದೆ ಬರೆದರು.

ಇವೆಲ್ಲದರ ಮೇಲೆ ಬಂದದ್ದು 1784ರ ಆಘಾತ. ಇಂಗ್ಲಿಷರಿಗೆ ನೆರವಾದರೆಂಬ ಶಂಕೆಯಿಂದ ಟಿಪ್ಪು ಸುಲ್ತಾನನು ಕೆನರಾ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಸೆರೆಯಾದವರ ಸಂಖ್ಯೆ 60,000 ಎಂಬುದು ದ್ಯೂಬ್ವಾ ಕೊಡುವ ಲೆಕ್ಕ. ಇತರ ಆಕರಗಳ ಲೆಕ್ಕಗಳು ಇದಕ್ಕಿಂತ ಭಿನ್ನವಾಗಿವೆ. ಹಲವರು ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತರು. ಉಳಿದವರಲ್ಲಿ ಬಹುಮಂದಿ ಬಲವಂತದಿಂದ ಇಸ್ಲಾಮಿಗೆ ಸೇರಿಸಲ್ಪಟ್ಟರು.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಚದುರಿಹೋಗಿದ್ದ ಈ ಸಮುದಾಯವನ್ನು ಮತ್ತೆ ಕೂಡಿಸುವ ಅಗತ್ಯ ಉಂಟಾಯಿತು. ಮುಂದೆ ವೆಲಿಂಗ್ಟನ್ನಿನ ಡ್ಯೂಕ್ ಎನಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಆಗ ಅಲ್ಲಿನ ಸೇನಾಧಿಕಾರಿ. ಆತನ ಸಮ್ಮತಿಯಿಂದ ದ್ಯೂಬ್ವಾ ಮೈಸೂರು ಸೀಮೆಗೆ ಬಂದರು.

ಮರಳಿ ಬಂದವರ ಗುರು

ಮತ್ತೆ ಧರ್ಮಸಭೆಗೆ ಸೇರಬಯಸಿ ಬಂದವರನ್ನು ದ್ಯೂಬ್ವಾ ಸ್ವೀಕರಿಸಿದರು. ಇದು ಕೇವಲ ಹೆಸರು ಬರೆದುಕೊಳ್ಳುವ ಕೆಲಸವಾಗಿರಲಿಲ್ಲ. ಹದಿನೈದು ವರ್ಷಗಳ ಅವಧಿಯಲ್ಲಿ ಮದುವೆಗಳಾಗಿದ್ದವು, ಮಕ್ಕಳು ಹುಟ್ಟಿ ಬೆಳೆದಿದ್ದರು, ಸಂಬಂಧಗಳು ಕಡಿದಿದ್ದವು. ಅಷ್ಟೊಂದು ಜನರಲ್ಲಿ ನಂಬಿಕೆಗಾಗಿ ಪ್ರಾಣ ಕೊಡಲು ಮುಂದಾದವರು ಇರಲಿಲ್ಲವೆಂಬುದು ದ್ಯೂಬ್ವಾ ಅವರನ್ನು ಬಹುಕಾಲ ಕಾಡಿದ ಸಂಗತಿ. ಆದರೂ ಬಂದವರನ್ನು ಅವರು ಹಿಂದಿರುಗಿಸಲಿಲ್ಲ. ಬರಹದಲ್ಲಿ ಕಠೋರವಾಗಿ ತೀರ್ಪು ಕೊಡುವ ದ್ಯೂಬ್ವಾ ಮತ್ತು ಬಾಗಿಲಿಗೆ ಬಂದವರನ್ನು ಒಳಗೆ ಕರೆದುಕೊಳ್ಳುವ ದ್ಯೂಬ್ವಾ ಇವರಿಬ್ಬರ ನಡುವಿನ ಅಂತರ ಅವರ ಬದುಕಿನುದ್ದಕ್ಕೂ ಕಾಣುತ್ತದೆ. ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿರುವ ಚರ್ಚು ಇಂದಿಗೂ ಅವರ ಹೆಸರಿನೊಡನೆ ಗುರುತಿಸಲ್ಪಡುತ್ತದೆ.

ಬಡವರಾದ ಕ್ರೈಸ್ತರಿಗೆ ಮೊದಲು ಬೇಕಾದದ್ದು ನೆಲ ಎಂಬುದನ್ನು ಅವರು ಅರಿತಿದ್ದರು. ಹಾಸನದ ಸಮೀಪದ ಸಾತಹಳ್ಳಿಯಲ್ಲಿ ಅವರು ಒಕ್ಕಲುತನದ ನೆಲೆಯೊಂದನ್ನು ಕಟ್ಟಿದರು. ಕ್ರೈಸ್ತ ಕುಟುಂಬಗಳು ಒಟ್ಟಾಗಿ ನೆಲೆಸಿ, ಉತ್ತು ಬಿತ್ತಿ ಬದುಕುವ ಈ ಏರ್ಪಾಡು ಹಾಸನ ಸೀಮೆಯ ಕನ್ನಡ ಕಥೋಲಿಕ ಸಮುದಾಯಕ್ಕೆ ಗಟ್ಟಿಯಾದ ನೆಲೆ ಒದಗಿಸಿತು.

ಸಿಡುಬಿನ ವಿರುದ್ಧ ಅವರು ಮಾಡಿದ ಕೆಲಸವೂ ಉಲ್ಲೇಖನೀಯ. ಗೋಸಿಡುಬಿನ ರಸದಿಂದ ಸಿಡುಬನ್ನು ತಡೆಯಬಹುದೆಂದು ಎಡ್ವರ್ಡ್ ಜೆನ್ನರ್ ತೋರಿಸಿಕೊಟ್ಟದ್ದು 1796ರಲ್ಲಿ. ಆ ರಸ ಭಾರತವನ್ನು ಮುಟ್ಟಿದ್ದು 1802ರಲ್ಲಿ. ಮರುವರ್ಷವೇ ದ್ಯೂಬ್ವಾ ಮೈಸೂರು ಸೀಮೆಯಲ್ಲಿ ದೇವಿ ಹಾಕುವ ಕಾರ್ಯಕ್ಕೆ ಇಳಿದರು. 1803–04ರ ಅವಧಿಯಲ್ಲಿ 25,432 ಜನರಿಗೆ ದೇವಿ ಹಾಕಿದ್ದು ದಾಖಲಾಗಿದೆ. ಸಿಡುಬನ್ನು ಅಮ್ಮನ ಬರವೆಂದು ಭಾವಿಸುತ್ತಿದ್ದ ಕಾಲದಲ್ಲಿ, ಪರದೇಶದ ಪಾದ್ರಿಯೊಬ್ಬ ತಂದ ಔಷಧಿಗೆ ಜನ ತೋಳೊಡ್ಡಿದರೆಂಬುದು ಸಾಮಾನ್ಯ ಸಂಗತಿಯಲ್ಲ. ಅವರು ಸಾರಿದ ಸಂದೇಶವನ್ನು ಒಪ್ಪದವರೂ ಅವರ ಕೈಯನ್ನು ನಂಬಿದರು. ಇಪ್ಪತ್ತೈದು ಸಾವಿರ ಮತ್ತು ಕೆಲವು ನೂರು ಎಂಬ ಎರಡು ಲೆಕ್ಕಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಸಂದರ್ಭ ಮುಂದೆ ಬರುತ್ತದೆ.

ಗ್ರಂಥ ಮತ್ತು ಅದರ ಋಣ

ಜನರ ನಡುವೆ ಬಾಳುತ್ತ ದ್ಯೂಬ್ವಾ ಅವರ ಜಾತಿವ್ಯವಸ್ಥೆ, ಮನೆತನದ ಸಂಸ್ಕಾರಗಳು, ಹಬ್ಬಹರಿದಿನಗಳು, ಮಠಮಂದಿರಗಳು ಇವುಗಳ ಬಗ್ಗೆ ಬರಹವನ್ನು ಸಿದ್ಧಪಡಿಸಿದರು. ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಅದರ ಮೌಲ್ಯವನ್ನು ಗುರುತಿಸಿದರು. ಮದರಾಸಿನ ಗವರ್ನರ್ ವಿಲಿಯಂ ಬೆಂಟಿಂಕ್ ಮೆಚ್ಚಿಕೊಂಡರು. 1807ರಲ್ಲಿ ಕಂಪನಿ ಸರ್ಕಾರ ಹಸ್ತಪ್ರತಿಯನ್ನು 2,000 ವರಹಗಳಿಗೆ ಕೊಂಡಿತು. ಅದರ ಇಂಗ್ಲಿಷ್ ಅನುವಾದ 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಈ ನಡುವೆ ದ್ಯೂಬ್ವಾ ಹಸ್ತಪ್ರತಿಯನ್ನು ಹಿಂದಕ್ಕೆ ಪಡೆದು ಬಹಳಷ್ಟು ತಿದ್ದಿ ಬೆಳೆಸಿದ್ದರು. ಪರಿಷ್ಕೃತ ರೂಪದ ಫ್ರೆಂಚ್ ಆವೃತ್ತಿ 1825ರಲ್ಲಿ ಹೊರಬಂದಿತು. ಅದೇ ಪರಿಷ್ಕರಣದ ಆಧಾರದ ಮೇಲೆ ಹೆನ್ರಿ ಬೋಶಾಂಪ್ ಸಿದ್ಧಪಡಿಸಿದ ಇಂಗ್ಲಿಷ್ ಆವೃತ್ತಿ ಬೆಳಕು ಕಂಡದ್ದು 1897ರಲ್ಲಿ. ಲೂಯಿ ದ್ಯುಮೋನ್ ಅವರಂತಹ ಇಪ್ಪತ್ತನೆಯ ಶತಮಾನದ ಸಮಾಜಶಾಸ್ತ್ರಜ್ಞರೂ ಜಾತಿಯ ಚರ್ಚೆಯಲ್ಲಿ ಈ ಗ್ರಂಥವನ್ನು ಪರಾಮರ್ಶಿಸಿದ್ದಾರೆ.

ಗ್ರಂಥದ ಕರ್ತೃತ್ವದ ಪ್ರಶ್ನೆ ಈಗ ಮೊದಲಿನಷ್ಟು ಸರಳವಾಗಿ ಉಳಿದಿಲ್ಲ. ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮ್ಯೂರ್ 1987ರಲ್ಲಿ ಪ್ರಕಟಿಸಿದ ಸಂಶೋಧನೆ, ದ್ಯೂಬ್ವಾ ಗ್ರಂಥದ ಬಹುಭಾಗಕ್ಕೆ ಯೇಸುಸಭೆಯ ಗುರು ಗಾಸ್ತೋನ್ ಲೊರಾಂ ಕೇರ್ದೂ ಅವರ ಬರಹವೇ ಮೂಲವೆಂದು ತೋರಿಸಿಕೊಟ್ಟಿತು. ಸಂಸ್ಕೃತಕ್ಕೂ ಲ್ಯಾಟಿನ್ ಗ್ರೀಕ್ ಭಾಷೆಗಳಿಗೂ ಇರುವ ನಂಟನ್ನು ವಿಲಿಯಂ ಜೋನ್ಸ್‌ಗಿಂತ ಮೊದಲೇ, 1767ರ ಹೊತ್ತಿಗೆ, ಗಮನಿಸಿದ್ದ ವಿದ್ವಾಂಸರು ಕೇರ್ದೂ. ತಮ್ಮ ಸಭೆ ವಿಸರ್ಜನೆಗೊಂಡ ಮೇಲೆ ಅವರು 1779ರಲ್ಲಿ ತೀರಿಕೊಂಡರು. ಅವರ ಬರಹ ಅವರ ಹೆಸರಿನಲ್ಲಿ ಅಚ್ಚಾಗಲಿಲ್ಲ. ದ್ಯೂಬ್ವಾ ಆ ಬರಹವನ್ನು ಬಳಸಿಕೊಂಡರು, ತಮ್ಮ ಅನುಭವದಿಂದ ಬೆಳೆಸಿದರು, ಆದರೆ ಮೂಲ ಲೇಖಕರ ಋಣವನ್ನು ಹೇಳಲಿಲ್ಲ. ತಮ್ಮ ಮಾತನ್ನು ಜನ ಕೇಳಲಿಲ್ಲವೆಂದು ಮರುಗಿದವರೇ ಇನ್ನೊಬ್ಬರ ದನಿಯನ್ನು ತಮ್ಮದರಲ್ಲಿ ಅಡಗಿಸಿದ್ದು ಅವರ ಜೀವನವನ್ನು ಬರೆಯುವವರು ಮುಚ್ಚಿಡಲಾಗದ ಸಂಗತಿ.

1823ರ ಪತ್ರಗಳು

1823ರ ಜನವರಿ 15ರಂದು ದ್ಯೂಬ್ವಾ ಭಾರತವನ್ನು ಬಿಟ್ಟರು. ಕಂಪನಿ ಸರ್ಕಾರ ಅವರಿಗೆ ವಿಶ್ರಾಂತಿವೇತನವನ್ನು ಗೊತ್ತುಪಡಿಸಿತು. ಅದೇ ವರ್ಷ ಲಂಡನ್ನಿನಲ್ಲಿ ಭಾರತದ ಕ್ರೈಸ್ತಧರ್ಮದ ಸ್ಥಿತಿಗತಿಯನ್ನು ಕುರಿತ ಅವರ ಪತ್ರಗಳ ಸಂಕಲನ ಪ್ರಕಟವಾಯಿತು. ಹಿಂದೂಗಳ ಮತಾಂತರ ಕಾರ್ಯಸಾಧ್ಯವಲ್ಲವೆಂಬ ನಿಲುವನ್ನು ಪುಸ್ತಕದ ಶೀರ್ಷಿಕೆಯೇ ಸಾರುತ್ತಿತ್ತು. ಯೂರೋಪಿನ ಮಿಷನ್ ಸಂಘಗಳು ಭಾರತದ ಬಗ್ಗೆ ಉತ್ಸಾಹದ ವರದಿಗಳನ್ನು ಹೊರಡಿಸಿ ಹಣ ಕೂಡಿಸುತ್ತಿದ್ದ ದಿನಗಳಲ್ಲಿ, ಮೂವತ್ತು ವರ್ಷ ಅಲ್ಲಿಯೇ ದುಡಿದ ಗುರುವೊಬ್ಬರು ಹೀಗೆ ಬರೆದದ್ದು ಕೋಲಾಹಲವನ್ನೇ ಎಬ್ಬಿಸಿತು.

ದ್ಯೂಬ್ವಾ ತಮ್ಮ ಲೆಕ್ಕವನ್ನು ಮರೆಮಾಚಲಿಲ್ಲ. ಇಪ್ಪತ್ತೈದು ವರ್ಷಗಳ ಅವಧಿಯಲ್ಲಿ, ಈ ದೇಶದವರೇ ಆದ ಗುರುವೊಬ್ಬರ ನೆರವಿನೊಡನೆ, ತಾವು ಹೊಸದಾಗಿ ಜ್ಞಾನಸ್ನಾನ ಕೊಟ್ಟದ್ದು ಇನ್ನೂರರಿಂದ ಮುನ್ನೂರು ಜನರಿಗೆ ಮಾತ್ರ ಎಂದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಸ್ಪೃಶ್ಯರೆಂದು ಊರಾಚೆ ಇಡಲಾಗಿದ್ದವರು ಅಥವಾ ಭಿಕ್ಷುಕರು. ಉಳಿದವರು ಶೂದ್ರರು, ಅಲೆಮಾರಿಗಳು, ತಮ್ಮ ಕುಲದಿಂದ ಬಹಿಷ್ಕೃತರಾದವರು. ಆಸರೆಗಾಗಿಯೋ ಮದುವೆಗಾಗಿಯೋ ಬಂದವರೇ ಹೆಚ್ಚು, ನಿಜವಾದ ಮನಃಪರಿವರ್ತನೆಯಿಂದ ಬಂದವರು ತಮ್ಮ ನೆನಪಿನಲ್ಲಿಲ್ಲ ಎಂದೂ ಅವರು ನಾಚಿಕೆಯಿಂದ ಒಪ್ಪಿಕೊಂಡರು.

ಅವರ ವಾದದ ಎರಡನೆಯ ಭಾಗ ಬೈಬಲಿನ ಅನುವಾದಗಳನ್ನು ಕುರಿತದ್ದು. ಶ್ರೀರಾಮಪುರದ ಬ್ಯಾಪ್ಟಿಸ್ಟ್ ಮಿಷನರಿಗಳು ಹಲವಾರು ದೇಶಭಾಷೆಗಳಿಗೆ ತ್ವರಿತವಾಗಿ ಬೈಬಲನ್ನು ಅನುವಾದಿಸಿ ಹಂಚುತ್ತಿದ್ದರು. ಭಾಷೆಯ ಘನತೆಯಿಲ್ಲದ, ಹಿನ್ನೆಲೆಯ ವಿವರಣೆಯಿಲ್ಲದ ಇಂಥ ಪುಸ್ತಕಗಳು ಜನರ ಪೂರ್ವಗ್ರಹವನ್ನು ಹೆಚ್ಚಿಸುತ್ತವೆಯೇ ಹೊರತು ಕಳೆಯುವುದಿಲ್ಲವೆಂದು ದ್ಯೂಬ್ವಾ ವಾದಿಸಿದರು. ಪೂಜೆ, ಮೆರವಣಿಗೆ, ವಿಗ್ರಹ, ಉಪವಾಸ, ಮೃತರಿಗಾಗಿ ಪ್ರಾರ್ಥನೆ ಮುಂತಾದವುಗಳಿಂದ ಈ ನಾಡಿನ ಮನೋಧರ್ಮಕ್ಕೆ ಹತ್ತಿರವಿರುವ ಕಥೋಲಿಕ ಆರಾಧನೆಯೇ ಇಲ್ಲಿ ಬೇರೂರದಿರುವಾಗ, ಅವಾವೂ ಇಲ್ಲದ ಪಂಥಗಳು ಬೇರೂರುವುದೆಂತು ಎಂಬುದು ಅವರ ತರ್ಕ. ಇದಕ್ಕೆ 1824ರಲ್ಲಿ ಜೇಮ್ಸ್ ಹಫ್ ಮತ್ತು ಹೆನ್ರಿ ಟೌನ್ಲಿ ಎಂಬ ಇಬ್ಬರು ಪ್ರಾಟೆಸ್ಟೆಂಟ್ ಮಿಷನರಿಗಳು ಪ್ರತ್ಯೇಕ ಪುಸ್ತಕಗಳಲ್ಲಿ ಉತ್ತರ ಕೊಟ್ಟರು. ಒಬ್ಬನ ವೈಫಲ್ಯವನ್ನು ಇಡೀ ಕಾರ್ಯದ ಅಸಾಧ್ಯತೆಯೆಂದು ಸಾರುವುದು ಸಲ್ಲದೆಂಬುದು ಅವರ ಆಕ್ಷೇಪಣೆಯ ತಿರುಳಾಗಿತ್ತು.

ಈ ಪುಸ್ತಕಕ್ಕೆ ದ್ಯೂಬ್ವಾ ಒಂದು ಅನುಬಂಧವನ್ನೂ ಸೇರಿಸಿದ್ದರು. ಹಿಂದೂ ಸ್ತ್ರೀಪುರುಷರ ಶೀಲವನ್ನು ಹೀನಾಯವಾಗಿ ಚಿತ್ರಿಸಿದ ಮಿಷನರಿಯೊಬ್ಬರ ಬರಹಕ್ಕೆ ಅದು ಪ್ರತ್ಯುತ್ತರ. ಜನರ ಸೌಜನ್ಯವನ್ನು, ಕೌಟುಂಬಿಕ ಮಮತೆಯನ್ನು, ಸ್ತ್ರೀಯರ ಮನೆವಾರ್ತೆಯ ಜಾಣ್ಮೆಯನ್ನು ಸಮರ್ಥಿಸಿಕೊಂಡು ಅವರು ಬರೆದರು. ತಮ್ಮ ಬೋಧನೆಯನ್ನು ಒಪ್ಪದ ಜನರ ಪರವಾಗಿ, ತಮ್ಮದೇ ಕಸುಬಿನವರ ವಿರುದ್ಧ ಅವರು ನಿಂತರೆಂಬುದು ಅವರನ್ನು ಕೇವಲ ಹತಾಶ ಮಿಷನರಿಯೆಂದು ಬಗೆಯುವವರು ಗಮನಿಸಬೇಕಾದ ಅಂಶ.

ದೇವಸಂಕಲ್ಪದ ಅರ್ಥೈಸುವಿಕೆ

ಬೋಧಿಸಿದ್ದನ್ನು ಜನ ಕೇಳದಿರುವುದು ಕ್ರೈಸ್ತ ಶ್ರದ್ಧೆಗೆ ಹೊಸ ಸಮಸ್ಯೆಯಲ್ಲ. ಪ್ರವಾದಿ ಯೆಶಾಯನಿಗೆ ಕರೆ ಬಂದಾಗಲೇ, ಆತನ ಮಾತನ್ನು ಜನ ಕಿವಿಯಿಂದ ಕೇಳಿಯೂ ಮನಸ್ಸಿಗೆ ತಂದುಕೊಳ್ಳುವುದಿಲ್ಲವೆಂಬುದು ತಿಳಿಸಲ್ಪಟ್ಟಿತ್ತು. ಜನ ಕೇಳಲಿ, ಬಿಡಲಿ, ಹೇಳುವ ಹೊಣೆ ಎಜೆಕಿಯೇಲನಿಗೆ ತಪ್ಪಲಿಲ್ಲ. ಬಿತ್ತುವವನ ಸಾಮತಿಯಲ್ಲಿ ಬೀಜದ ಬಹುಭಾಗ ದಾರಿಯಲ್ಲಿ, ಬಂಡೆಯ ಮೇಲೆ, ಮುಳ್ಳುಗಳ ನಡುವೆ ಬಿದ್ದು ವ್ಯರ್ಥವಾಗುತ್ತದೆ. ಆದರೂ ಬಿತ್ತುವವನು ಕೈ ಹಿಂದೆಗೆಯುವುದಿಲ್ಲ. ವಿಶ್ವಾಸವು ದೇವರ ಕೃಪೆಯಿಂದ ಮೊಳೆಯುವಂಥದು, ಬೋಧಕನ ಚಾತುರ್ಯದ ಫಲವಲ್ಲ. ಆ ಕೃಪೆಗೆ ಓಗೊಡುವ ಇಲ್ಲವೆ ಓಗೊಡದಿರುವ ಸ್ವಾತಂತ್ರ್ಯವೂ ಮನುಷ್ಯನಿಗಿದೆ ಎಂಬುದು ಕಥೋಲಿಕ ಧರ್ಮಸಭೆಯ ಬೋಧೆ. ಹೀಗಾಗಿ ಫಲದ ಚಿಂತೆಯನ್ನು ದೇವರಿಗೆ ಬಿಟ್ಟು ದುಡಿಯುವುದೇ ಬೋಧಕನಿಗೆ ಉಳಿದ ದಾರಿ.

ದ್ಯೂಬ್ವಾ ಅವರ ದುಡಿಮೆ ಈ ಬೋಧೆಗೆ ಅನುಗುಣವಾಗಿಯೇ ಇತ್ತು. ಫಲ ಕಾಣದಿದ್ದರೂ ಅವರು ಮೂವತ್ತೊಂದು ವರ್ಷಗಳ ಕಾಲ ಒಮ್ಮೆಯೂ ತಾಯ್ನಾಡಿಗೆ ಮರಳದೆ ಇಲ್ಲಿಯೇ ಉಳಿದರು. ತೊಡಕು ಇರುವುದು ಅವರ ತೀರ್ಮಾನದಲ್ಲಿ. ಪದೇ ಪದೇ ಸಾರಿದರೂ ಕೇಳದ ಈ ಜನರನ್ನು ದೇವರೇ ಅವರ ಪಾಡಿಗೆ ಬಿಟ್ಟುಕೊಟ್ಟಿರಬೇಕು, ಇವರು ಶಾಪಗ್ರಸ್ತರಾಗಿ ಉಳಿಯುವವರು ಎಂಬ ಕಡೆಗೆ ಅವರ ಮನಸ್ಸು ವಾಲಿತು. ಜನರ ನಿರಾಕರಣೆಯನ್ನು ಅವರು ದೇವರ ತೀರ್ಪೆಂದೇ ಓದಿದರು.

ಅವರೇ ಸಂಗ್ರಹಿಸಿಕೊಟ್ಟ ಸಂಗತಿಗಳು ಈ ಓದಿಗೆ ಒಗ್ಗುವುದಿಲ್ಲ. ಯೂರೋಪಿಯನ್ನರ ದುರ್ನಡತೆ, ಮಿಷನ್ನುಗಳ ಒಳಜಗಳ, ರೂಢಿಗಳ ನಿಷೇಧ, ಯುದ್ಧ, ಬಲವಂತ ಇವು ಅವರು ಪಟ್ಟಿಮಾಡಿದ ಕಾರಣಗಳು. ಇವೆಲ್ಲವೂ ಮನುಷ್ಯರು ಮಾಡಿದವು. ಜನ ನಿರಾಕರಿಸಿದ್ದು ಕ್ರಿಸ್ತನನ್ನೋ, ಆತನ ಹೆಸರು ಹೊತ್ತು ಬಂದವರ ಫಿರಂಗಿಗಳನ್ನೋ ಎಂಬ ಪ್ರಶ್ನೆ ಅವರ ಬರಹದಲ್ಲಿಯೇ ಹುದುಗಿದೆ. ಅದನ್ನು ಅವರು ಕೊನೆಯವರೆಗೆ ಬೆಂಬತ್ತಲಿಲ್ಲ. ಧರ್ಮಸಭೆ ಈ ಪ್ರಶ್ನೆಗೆ ಸ್ಪಷ್ಟವಾಗಿ ಮುಖಾಮುಖಿಯಾದದ್ದು ಬಹುಕಾಲದ ನಂತರ, ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ. ತಮ್ಮದಲ್ಲದ ತಪ್ಪಿನಿಂದ ಸುವಾರ್ತೆಯನ್ನು ಅರಿಯದೆ, ಅಂತಃಸಾಕ್ಷಿಗೆ ಅನುಸಾರವಾಗಿ ದೇವರನ್ನು ಅರಸುವವರೂ ರಕ್ಷಣೆಗೆ ಹೊರಗಾದವರಲ್ಲವೆಂದು 1964ರಲ್ಲಿಯೂ, ಹಿಂದೂಧರ್ಮವೂ ಸೇರಿದಂತೆ ಇತರ ಧರ್ಮಗಳಲ್ಲಿ ಇರುವ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು 1965ರಲ್ಲಿಯೂ ಆ ಮಹಾಸಭೆ ಘೋಷಿಸಿತು. ಈ ಬೋಧೆಯ ಬೆಳಕಿನಲ್ಲಿ, ಬೋಧಕನ ಮಾತು ಕೇಳದವರೆಲ್ಲ ದೇವರಿಗೆ ಕಿವುಡಾದವರು ಎಂಬ ಸಮೀಕರಣ ನಿಲ್ಲುವುದಿಲ್ಲ.

ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ವಿಚಾರವಿದೆ. ಲೂಕನ ಶುಭಸಂದೇಶದಲ್ಲಿ ಬರುವ ಔತಣದ ಸಾಮತಿಯಲ್ಲಿ ಆಹ್ವಾನಿತರು ಹೊಲ, ಎತ್ತು, ಮದುವೆ ಎಂದು ಒಂದೊಂದು ನೆಪ ಹೇಳಿ ಬಾರದೆ ಉಳಿಯುತ್ತಾರೆ. ಕತೆ ಅಲ್ಲಿಗೆ ಮುಗಿಯುವುದಿಲ್ಲ. ಬೀದಿಗಳಲ್ಲಿಯೂ ಬೇಲಿಯ ಬದಿಗಳಲ್ಲಿಯೂ ಇದ್ದ ಬಡವರನ್ನೂ ಅಂಗಹೀನರನ್ನೂ ಕರೆತಂದು ಮನೆ ತುಂಬಿಸಲಾಗುತ್ತದೆ. ದ್ಯೂಬ್ವಾ ಅವರ ಇನ್ನೂರು ಮುನ್ನೂರು ಜನ ಯಾರು? ಊರಾಚೆಯವರು, ಭಿಕ್ಷುಕರು, ಅಲೆಮಾರಿಗಳು, ಬಹಿಷ್ಕೃತರು. ಸಾಮತಿಯ ಎರಡನೆಯ ಭಾಗದ ಅತಿಥಿಗಳೇ ಇವರು. ಮೇಲ್ಜಾತಿಗಳು ಒಪ್ಪಿದರೆ ನಾಡೇ ಒಪ್ಪಿದಂತೆ ಎಂಬುದು ನೋಬಿಲಿಯ ಕಾಲದಿಂದ ಬಂದ ನಿರೀಕ್ಷೆ. ಜಾತಿವ್ಯವಸ್ಥೆಯನ್ನು ಸಮಾಜದ ಶಿಸ್ತಿಗೆ ಅಗತ್ಯವಾದ ಏರ್ಪಾಡೆಂದು ತಮ್ಮ ಗ್ರಂಥದಲ್ಲಿ ಮೆಚ್ಚಿಕೊಂಡ ದ್ಯೂಬ್ವಾ, ಆ ವ್ಯವಸ್ಥೆಯ ಕಣ್ಣಿನಿಂದಲೇ ತಮ್ಮ ಸಭೆಯನ್ನೂ ಎಣಿಸಿದರು. ಬಂದವರ ಕೀಳುಸ್ಥಿತಿ ಅವರ ಲೆಕ್ಕದಲ್ಲಿ ವೈಫಲ್ಯದ ಪುರಾವೆಯಾಯಿತು. ಆಸರೆ ಬೇಡಿ ಬಂದವನ ವಿಶ್ವಾಸ ಶುದ್ಧವಲ್ಲವೆಂದು ಅವರಿಗೆ ತೋರಿತು. ಆದರೆ ಶುಭಸಂದೇಶಗಳಲ್ಲಿ ಕ್ರಿಸ್ತನ ಬಳಿಗೆ ಬರುವವರಲ್ಲಿ ಬಹುಮಂದಿ ರೋಗ ವಾಸಿಯಾಗಲಿ, ಹಸಿವು ನೀಗಲಿ ಎಂದೇ ಬರುತ್ತಾರೆ. ಅವರಾರನ್ನೂ ಕ್ರಿಸ್ತನು ಆ ಕಾರಣಕ್ಕಾಗಿ ಹಿಂದಿರುಗಿಸುವುದಿಲ್ಲ.

ಆದುದರಿಂದ, ಕೇಳಿದವರು ಯಾರೂ ಇರಲಿಲ್ಲವೆಂಬ ದ್ಯೂಬ್ವಾ ಹೇಳಿಕೆಯನ್ನು ಅವರ ಅಂಕಿಗಳ ಆಧಾರದ ಮೇಲೆಯೇ ತಿದ್ದಿಕೊಳ್ಳಬೇಕಾಗುತ್ತದೆ. ಕೇಳಿದವರಿದ್ದರು. ಅವರನ್ನು ಕೇಳುಗರೆಂದು ಎಣಿಸಲು ಬೋಧಕರು ಸಿದ್ಧರಿರಲಿಲ್ಲ. ಪ್ರಾಮಾಣಿಕತೆಯಲ್ಲಿ ಸಮಕಾಲೀನರನ್ನು ಮೀರಿದ ದ್ಯೂಬ್ವಾ ಈ ಒಂದು ಕಡೆ ತಮ್ಮ ಕಾಲದ ಮಿತಿಯೊಳಗೇ ಉಳಿದರು. ದೇವರ ಸಂಕಲ್ಪದಲ್ಲಿ ನಂಬಿಕೆಯಿಟ್ಟರೆ ಸಾಲದು, ಅದು ನೆರವೇರುವ ಬಗೆಯನ್ನು ತಾನೇ ಮುಂಚಿತವಾಗಿ ಗೊತ್ತುಮಾಡಿಕೊಳ್ಳದಿರುವ ವಿನಯವೂ ಬೋಧಕನಿಗೆ ಬೇಕು ಎಂಬುದನ್ನು ಅವರ ಜೀವನ ತೋರಿಸುತ್ತದೆ.

ಕೊನೆಯ ದಿನಗಳು

ಪ್ಯಾರಿಸ್ಸಿಗೆ ಮರಳಿದ ದ್ಯೂಬ್ವಾ ತಮ್ಮ ಸಂಸ್ಥೆಯ ಗುರುಮಠದಲ್ಲಿ ನಿರ್ದೇಶಕರಾಗಿ, 1836ರಿಂದ 1839ರವರೆಗೆ ಸಂಸ್ಥೆಯ ಮುಖ್ಯಸ್ಥರಾಗಿ ಸೇವೆ ಸಲ್ಲಿಸಿದರು. ಮತಾಂತರ ಅಸಾಧ್ಯವೆಂದು ಬರೆದವರೇ ಏಷ್ಯಾದ ನಾನಾ ದೇಶಗಳಿಗೆ ಹೊರಡುವ ತರುಣ ಗುರುಗಳನ್ನು ಸಿದ್ಧಗೊಳಿಸುವ ಮನೆಯಲ್ಲಿ ದುಡಿದದ್ದು ವಿರೋಧಾಭಾಸದಂತೆ ಕಂಡೀತು. ಆದರೆ ಅವರ ಬರಹ ಮನುಷ್ಯ ಪ್ರಯತ್ನದ ಮಿತಿಯನ್ನು ಹೇಳಿತ್ತೇ ಹೊರತು ಕಳುಹಿಸುವ ಕರ್ತವ್ಯವನ್ನು ಅಲ್ಲಗಳೆದಿರಲಿಲ್ಲ. ಈ ಅವಧಿಯಲ್ಲಿಯೂ ಅವರು ಕನ್ನಡ ನಾಡನ್ನು ಮರೆಯಲಿಲ್ಲ. 1826ರಲ್ಲಿ ಅವರು ಪ್ರಕಟಿಸಿದ ಪಂಚತಂತ್ರದ ಫ್ರೆಂಚ್ ಅನುವಾದಕ್ಕೆ ಆಧಾರವಾದದ್ದು ತಮಿಳು, ತೆಲುಗು ಮತ್ತು ಕನ್ನಡದ ಪ್ರತಿಗಳು. ಹನ್ನೊಂದನೆಯ ಶತಮಾನದ ದುರ್ಗಸಿಂಹನ ಕಾಲದಿಂದ ಕನ್ನಡದಲ್ಲಿ ಬಾಳಿಬಂದ ಕಥಾಪರಂಪರೆಯ ಒಂದು ಎಳೆ ಹೀಗೆ ಫ್ರೆಂಚ್ ಓದುಗರನ್ನು ತಲುಪಿತು.

1848ರ ಫೆಬ್ರವರಿ 17ರಂದು, ಫ್ರಾನ್ಸಿನಲ್ಲಿ ಮತ್ತೊಂದು ಕ್ರಾಂತಿ ಭುಗಿಲೇಳುವುದಕ್ಕೆ ಕೆಲವೇ ದಿನಗಳ ಮೊದಲು, 82ನೆಯ ವಯಸ್ಸಿನಲ್ಲಿ ದ್ಯೂಬ್ವಾ ತೀರಿಕೊಂಡರು. ಎರಡು ವರ್ಷಗಳ ನಂತರ, 1850ರಲ್ಲಿ, ಮೈಸೂರು ಪ್ರತ್ಯೇಕ ವಿಕಾರಿಯತ್ ಆಯಿತು. 1886ರಲ್ಲಿ ಪೂರ್ಣ ಧರ್ಮಪ್ರಾಂತದ ಸ್ಥಾನ ಪಡೆಯಿತು. ಅಸಾಧ್ಯವೆಂದು ಅವರು ಕೈಚೆಲ್ಲಿದ ಸೀಮೆಯಲ್ಲಿ ಧರ್ಮಸಭೆ ಬೇರೂರಿದ್ದನ್ನು ನೋಡಲು ಅವರು ಉಳಿದಿರಲಿಲ್ಲ.

ಅವರನ್ನು ಕಂಡ ತಲೆಮಾರು ಮರೆಯಾದ ಮೇಲೂ ಮೈಸೂರು ಸೀಮೆಯ ಕ್ರೈಸ್ತರು ಅವರನ್ನು ದೊಡ್ಡ ಸ್ವಾಮಿಯವರು ಎಂದು ನೆನೆಯುತ್ತಿದ್ದರು, ರಾಜಪುತ್ರನೆಂದು ಬಗೆಯುತ್ತಿದ್ದರು ಎಂದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೋಶಾಂಪ್ ದಾಖಲಿಸಿದ್ದಾರೆ. ಹಳ್ಳಿಗಾಡಿನಿಂದ ಬಂದ ಬಡ ಗುರುವನ್ನು ರಾಜಪುತ್ರನನ್ನಾಗಿಸಿದ್ದು ಇತಿಹಾಸವಲ್ಲ, ಪ್ರೀತಿ. ಆ ಪ್ರೀತಿಯನ್ನು ಕಾಪಾಡಿಕೊಂಡು ಬಂದವರು ವಿದ್ವಾಂಸರಲ್ಲ, ಅವರ ಪತ್ರಗಳನ್ನು ಓದಿದವರೂ ಅಲ್ಲ. ಅವರ ಲೆಕ್ಕದಲ್ಲಿ ಗಣನೆಗೆ ಬಾರದೆ ಉಳಿದವರ, ಸಾತಹಳ್ಳಿಯಂತಹ ಊರುಗಳಲ್ಲಿ ನೆಲ ಹಿಡಿದು ನಿಂತವರ ಮಕ್ಕಳು ಮತ್ತು ಮೊಮ್ಮಕ್ಕಳು.